ಎಣಿಕೆಯ ಮರುದಿನ



ಮದುವೆ ಮುಗಿದ ಮನೆಯನ್ನು ತಾವೆಲ್ಲರೂ ಕಂಡಿದ್ದೀರಿ. ಚಪ್ಪರ ಇನ್ನೂ ಬಿಚ್ಚಿರುವುದಿಲ್ಲ. ತೋರಣದ ಎಲೆ ಬಾಡಿರುತ್ತದೆ. ದೊಡ್ಡ ಪಾತ್ರೆಗಳು ಹಿತ್ತಿಲಲ್ಲಿ ಬೋರಲಾಗಿರುತ್ತವೆ. ಮನೆಯ ಯಜಮಾನನಿಗೆ ಆಗ ನೆನಪಾಗುತ್ತದೆ, ಯಾರಿಗೆ ತಾಂಬೂಲ ಕೊಡಲು ಮರೆತೆವು, ಯಾರು ಊಟ ಮಾಡದೆ ಹೊರಟುಹೋದರು ಎಂದು. ಮತ ಎಣಿಕೆಯ ಮರುದಿನ ನಾಡಿಗೂ ಅಂಥದೇ ದಿನ. ಆ ದಿನ ನಮ್ಮ ತಾಂಬೂಲ ಸಲ್ಲಬೇಕಾದವರು ಮೂರು ಬಗೆಯವರು: ಗೆದ್ದವರು, ಸಭೆಯನ್ನು ಬಿಟ್ಟು ತೆರಳುವವರು, ಸೋತವರು. ನಾವು ಸಾಮಾನ್ಯವಾಗಿ ಮೊದಲನೆಯವರಿಗೆ ಹಾರ ಹಾಕಿ, ಉಳಿದಿಬ್ಬರನ್ನು ಮರೆಯುತ್ತೇವೆ. ಗೆದ್ದೆತ್ತಿನ ಬಾಲ ಹಿಡಿಯುವುದು ನಮಗೆ ಹಳೆಯ ಅಭ್ಯಾಸ.

ಗೆದ್ದವರಿಂದಲೇ ಆರಂಭಿಸೋಣ. ನಮ್ಮ ರಾಜ್ಯದ ವಿಧಾನಸಭೆಗೆ 2023ರ ಮೇ 10ರಂದು ಮತದಾನ ನಡೆದು 13ರಂದು ಎಣಿಕೆಯಾಯಿತು. 224 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 135, ಭಾರತೀಯ ಜನತಾ ಪಕ್ಷಕ್ಕೆ 66, ಜಾತ್ಯತೀತ ಜನತಾ ದಳಕ್ಕೆ 19, ಇತರರಿಗೆ 4 ದೊರೆತವು. ಬಹುಮತ ಸ್ಪಷ್ಟವಾಗಿತ್ತು. ಆದರೆ ಗೆದ್ದ ಪಕ್ಷಕ್ಕೆ ಬಿದ್ದ ಮತ ನೂರಕ್ಕೆ ಸುಮಾರು 43. ಇದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆದ್ದಂತೆ ಎಂಬುದೇ ನಮ್ಮ ಪದ್ಧತಿ. ಯಾವ ಪಕ್ಷ ಗೆದ್ದಾಗಲೂ ಲೆಕ್ಕ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಆದಕಾರಣ ಗೆದ್ದವರು ಒಂದನ್ನು ನೆನಪಿಡುವುದು ಒಳ್ಳೆಯದು: ತಮಗೆ ಮತ ಕೊಡದವರೂ ತಮ್ಮವರೇ. ಹೊಸ ಶಾಸಕರು ಸಭೆಯಲ್ಲಿ ಕುಳಿತುಕೊಳ್ಳುವ ಮುನ್ನ ಸ್ವೀಕರಿಸುವ ಪ್ರಮಾಣವಚನವನ್ನು ಕಿವಿಗೊಟ್ಟು ಕೇಳಿ. ಅದರಲ್ಲಿ ಸಂವಿಧಾನದ ಮಾತಿದೆ, ದೇಶದ ಅಖಂಡತೆಯ ಮಾತಿದೆ, ಕರ್ತವ್ಯದ ಮಾತಿದೆ. ಪಕ್ಷದ ಹೆಸರಿಲ್ಲ.

ಇನ್ನು ತೆರಳುವವರು. ಕೆಲವರು ತಾವಾಗಿಯೇ ಹೊರಡುತ್ತಾರೆ. ಕೆಲವರನ್ನು ಮತದಾರರು ಕಳುಹಿಸುತ್ತಾರೆ. 1983ರಲ್ಲಿ ಶಿಕಾರಿಪುರದಿಂದ ಮೊದಲ ಬಾರಿಗೆ ವಿಧಾನಸಭೆಗೆ ಬಂದಿದ್ದ ಬಿ. ಎಸ್. ಯಡಿಯೂರಪ್ಪನವರು 2023ರ ಫೆಬ್ರುವರಿಯಲ್ಲಿ ಸದನದಲ್ಲಿ ವಿದಾಯದ ಮಾತನ್ನಾಡಿದರು. ಆ ನಾಲ್ಕು ದಶಕಗಳ ನಡುವೆ 1999ರಲ್ಲಿ ಅದೇ ಕ್ಷೇತ್ರದಲ್ಲಿ ಅವರು ಸೋತದ್ದೂ ಉಂಟು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಅದೇ ಸದನದ ಸಭಾಧ್ಯಕ್ಷರಾಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಶಿರಸಿಯಲ್ಲಿ ಪರಾಭವಗೊಂಡರು. ಇಲ್ಲಿ ನಮ್ಮ ಸಂವಿಧಾನದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಭೆ ವಿಸರ್ಜನೆಯಾದರೂ ಸಭಾಧ್ಯಕ್ಷರ ಪೀಠ ತೆರವಾಗುವುದಿಲ್ಲ. ಹೊಸ ಸಭೆ ಮೊದಲ ಸಲ ಸೇರುವವರೆಗೂ ಹಳೆಯ ಸಭಾಧ್ಯಕ್ಷರೇ ಆ ಸ್ಥಾನದಲ್ಲಿ ಉಳಿಯಬಹುದು. ಮನೆಯ ಬೀಗದ ಕೈಯನ್ನು ಬರುವವರ ಕೈಗೆ ಒಪ್ಪಿಸಿಯೇ ಹಿರಿಯರು ಹೊರಡಬೇಕೆಂಬ ಮರ್ಯಾದೆ ಅದು.

ತೆರಳುವುದರಲ್ಲಿಯೂ ಒಂದು ಘನತೆಯುಂಟು. 1962ರ ಚುನಾವಣೆಯಲ್ಲಿ, ಮುಖ್ಯಮಂತ್ರಿಯಾಗುವರೆಂದು ಜನ ಎಣಿಸಿದ್ದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಆ ಮಾರ್ಚಿಯಲ್ಲಿ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ, ಜೂನ್ ತಿಂಗಳಲ್ಲಿ ಕಂಠಿಯವರು ಅಧಿಕಾರವನ್ನು ಬಿಟ್ಟುಕೊಟ್ಟರು. ಕುರ್ಚಿಯ ಮೇಲೆ ಕುಳಿತವರು ಏಳುವುದು ಎಷ್ಟು ಕಷ್ಟವೆಂಬುದನ್ನು ಬಲ್ಲ ನಮಗೆ ಇದು ಸಣ್ಣ ಸಂಗತಿಯಲ್ಲ.

ಕೊನೆಗೆ ಸೋತವರು. 2023ರಲ್ಲಿ ಕಣದಲ್ಲಿದ್ದ ಅಭ್ಯರ್ಥಿಗಳು 2600ಕ್ಕೂ ಹೆಚ್ಚು. ಗೆದ್ದವರು 224. ಎಂದರೆ ಗೆದ್ದ ಒಬ್ಬೊಬ್ಬರಿಗೂ ಸೋತವರು ಹತ್ತು ಮಂದಿಗಿಂತ ಮಿಗಿಲು. ವಿಧಾನಸಭೆಗೆ ನಿಲ್ಲುವವರು ಹತ್ತು ಸಾವಿರ ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟ ಜಾತಿ ಪಂಗಡದವರಾದರೆ ಐದು ಸಾವಿರ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರರಲ್ಲೊಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಸೋತವರ ಠೇವಣಿ ಸರ್ಕಾರಕ್ಕೆ ಸೇರುತ್ತದೆ. ‘ಠೇವಣಿ ಕಳೆದುಕೊಂಡ’ ಎಂಬುದು ನಮ್ಮ ಬೀದಿಗಳಲ್ಲಿ ಬೈಗುಳವೇ ಆಗಿಹೋಗಿದೆ. ಒಮ್ಮೆ ಯೋಚಿಸಿ: ಎದುರಾಳಿಯೇ ಇಲ್ಲದಿದ್ದರೆ ನಮ್ಮ ಕೈಯಲ್ಲಿರುವ ಮತಕ್ಕೆ ಬೆಲೆಯೆಲ್ಲಿ? ಸೋಲುವ ಸಾಹಸ ಮಾಡುವವರು ಇರುವುದರಿಂದಲೇ ನಮಗೆ ಆರಿಸುವ ಹಕ್ಕು ಉಂಟು.

ನಾನು ಉಪಾಧ್ಯಾಯನಾಗಿದ್ದವನು, ಐದಾರು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ನಾನಿದ್ದ ಒಂದು ಸಣ್ಣ ಊರಿನಲ್ಲಿ ಎಣಿಕೆಯ ಸಂಜೆ ವಿಜಯದ ಮೆರವಣಿಗೆ ಸೋತವರ ಮನೆಯ ಮುಂದೆ ನಿಂತಿತು. ಅರ್ಧ ಗಂಟೆ ಪಟಾಕಿ ಸುಟ್ಟರು. ಒಳಗೆ ಸೋತವರ ವೃದ್ಧ ತಾಯಿ ಜ್ವರದಲ್ಲಿ ಮಲಗಿದ್ದರು. ಎದುರು ಮನೆಯ ಕಿಟಕಿಯಲ್ಲಿ ನಾನೂ ನಿಂತಿದ್ದೆ. ‘ಬೇಡಿರಪ್ಪ, ಮುಂದೆ ಹೋಗಿ’ ಎನ್ನುವ ಧೈರ್ಯ ನನಗಾಗಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ. ಮರುದಿನ ಬೆಳಿಗ್ಗೆ ಗೆದ್ದವರು ಒಬ್ಬರೇ ನಡೆದು ಬಂದರು. ಹಾರವಿಲ್ಲ, ಹಿಂಬಾಲಕರಿಲ್ಲ. ಜಗಲಿಯ ಮೇಲೆ ಕುಳಿತು, “ಅಮ್ಮ, ನಿನ್ನೆ ನಮ್ಮ ಹುಡುಗರು ತಪ್ಪು ಮಾಡಿದರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದರು. ಆ ತಾಯಿ, “ಓಟು ಹಾಕೋದು ಜನರ ಇಷ್ಟ ಕಣಪ್ಪ. ನೀನು ಬಂದೆಯಲ್ಲ, ಅಷ್ಟು ಸಾಕು. ಈ ಬೀದಿಗೆ ನೀರು ಬರೋದಿಲ್ಲ, ಅದನ್ನ ನೋಡು” ಎಂದರು. ನಲ್ಲಿ ಬಂದದ್ದು ಎರಡು ವರ್ಷದ ಮೇಲೆ. ಅಲ್ಲಿಯವರೆಗೆ ಅರ್ಜಿಯ ಮೇಲೆ ಅರ್ಜಿ ಬರೆದು ಶಾಸಕರಿಗೆ ನೆನಪಿಸುತ್ತ ಬಂದವರು ಸೋತ ಆ ಮಗನೇ. ಗೆದ್ದವರು, ಸೋತವರು ಇಬ್ಬರೂ ಸೇರಿದ್ದರಿಂದ ಆ ಬೀದಿಗೆ ನೀರು ಬಂದಿತು.

ಸೋಲು ಎಷ್ಟು ಸಣ್ಣ ಅಂತರದಲ್ಲಿ ಬರುತ್ತದೆಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆಗಳಿವೆ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯಾಗಿ ರಾತ್ರಿ ಹೊತ್ತಿಗೆ ಹೊರಬಿದ್ದ ಅಂತರ ಹದಿನಾರು ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ. ಆರ್. ಕೃಷ್ಣಮೂರ್ತಿಯವರನ್ನು ಗೆದ್ದದ್ದು ಒಂದೇ ಒಂದು ಮತದಿಂದ. ಅದೊಂದು ಮತ ಬೀಳದೆ ಹೋಗಿದ್ದರೆ ಇಬ್ಬರೂ ಸಮಸಮವಾಗಿ, ಕಾಯಿದೆಯಂತೆ ಚೀಟಿ ಎತ್ತಬೇಕಾಗುತ್ತಿತ್ತು. ಮುಂದೆ ಲೋಕಸಭೆಗೆ ಎರಡು ಬಾರಿ ಗೆದ್ದ ಧ್ರುವನಾರಾಯಣ ಅವರು 2019ರಲ್ಲಿ ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. 2023ರ ಮಾರ್ಚಿಯಲ್ಲಿ ತೀರಿಕೊಂಡರು. ಎರಡು ತಿಂಗಳ ತರುವಾಯ, ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಮತಕ್ಕೆ ಸೋತಿದ್ದ ಕೃಷ್ಣಮೂರ್ತಿಯವರು ಕೊಳ್ಳೇಗಾಲದಿಂದ ಭಾರಿ ಅಂತರದಲ್ಲಿ ಗೆದ್ದು ಬಂದರು. 1989ರಲ್ಲಿ ಹೊಳೆನರಸೀಪುರದಲ್ಲಿ ಸೋತ ಎಚ್. ಡಿ. ದೇವೇಗೌಡರು 1994ರಲ್ಲಿ ಮುಖ್ಯಮಂತ್ರಿಗಳೂ 1996ರಲ್ಲಿ ಪ್ರಧಾನಮಂತ್ರಿಗಳೂ ಆದರು. ಎಲ್ಲರಿಗೂ ಹೀಗೆ ಮತ್ತೊಂದು ಸರದಿ ಬರುತ್ತದೆಂದು ನಾನು ಹೇಳಲಾರೆ. ಬಹುಪಾಲು ಮಂದಿಗೆ ಬರುವುದಿಲ್ಲ. ಅಂಥವರಿಗೆ ನಮ್ಮ ಒಂದು ಒಳ್ಳೆಯ ಮಾತಿಗಿಂತ ಬೇರೆ ಪ್ರಶಸ್ತಿಯಿಲ್ಲ.

ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚುನಾವಣೆ ವ್ಯಾಜ್ಯವಾಗದಂತೆ ನೋಡಿಕೊಳ್ಳುವುದು ಪಕ್ಷಗಳಿಗಿಂತ ಹೆಚ್ಚಾಗಿ ನೆರೆಹೊರೆಯವರಾದ ನಮ್ಮ ಕೆಲಸ. ಮುಂದಿನ ಬಾರಿ ಎಣಿಕೆ ಮುಗಿದ ಸಂಜೆ ಗೆದ್ದವರ ಮನೆಗೆ ಹೋಗಿ ಸಿಹಿ ತಿನ್ನಿ, ಬೇಡವೆನ್ನುವುದಿಲ್ಲ. ಮರಳುವಾಗ ಎರಡು ಹೆಜ್ಜೆ ಸುತ್ತಾದರೂ ಸರಿ, ಸೋತವರ ಬಾಗಿಲಿಗೂ ಹೋಗಿ. ಐದು ವರ್ಷ ಕೆಲಸ ಮಾಡಿ ಹೊರಟವರಿಗೆ ಒಂದು ಕಾರ್ಡು ಬರೆಯಿರಿ. ಅವರಿಗೆ ತಾವು ಮತ ಕೊಟ್ಟಿದ್ದಿರೋ ಇಲ್ಲವೋ ಎಂಬುದನ್ನು ಹೇಳಬೇಕಾಗಿಲ್ಲ. ಅದು ಗುಟ್ಟಾಗಿಯೇ ಇರಲಿ. ‘ನಿಂತಿರಲ್ಲ, ಸಂತೋಷ’ ಎಂದರೆ ಸಾಕು. ಚಪ್ಪರ ಬಿಚ್ಚುವ ಮೊದಲು ಆ ತಾಂಬೂಲವೂ ಸಲ್ಲಲಿ.