ಕಡ್ಡಿ ನೋಡಿದ್ದೆಯಾ?

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡಿದವರು 2003ರ ಎಸ್.ಎಸ್.ಎಲ್.ಸಿ. ತಂಡದ ವಿದ್ಯಾರ್ಥಿ, ಬಿ.ಇ. ಪದವೀಧರರು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನು ಮಾಡಿ, ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಿ, ಮಕ್ಕಳಿಗೆ ಉಪಯೋಗ ಆಗುತ್ತದೆ ಅಂದರು. ನಾನು ಎಂಜಿನ್ ಆಯಿಲ್ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಬರಲಿಲ್ಲ. ಲೈನು ಹೋಯಿತೋ ಅಂದುಕೊಂಡೆ. ಆಮೇಲೆ, "ಆಯಿತು, ಹದಿನೈದು ನಿಮಿಷ" ಅಂದರು.

ನಾನು ಇಲ್ಲಿ ಓದುವಾಗ ಶಾಲೆಯ ಅಂಗಳದಲ್ಲಿ ನಿಲ್ಲುತ್ತಿದ್ದದ್ದು ಹೆಡ್‌ಮಾಸ್ಟರ ಒಂದು ಸ್ಕೂಟರು, ನಾಲ್ಕೈದು ಸೈಕಲ್ಲು. ಇವತ್ತು ಬರುವಾಗ ಮೈದಾನದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಬೇಕಾಯಿತು. ಸಂತೋಷದ ವಿಷಯವೇ. ಆದರೆ ಅಷ್ಟು ಕಾರುಗಳಲ್ಲಿ ಎಷ್ಟರ ಬಾನೆಟ್ಟನ್ನು ಅದರ ಯಜಮಾನ ಈ ತಿಂಗಳು ಎತ್ತಿ ನೋಡಿದ್ದಾನೆ? ಕೈ ಎತ್ತಿಸುವುದಿಲ್ಲ, ಹೆದರಬೇಡಿ. ಆರು ವರ್ಷ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಕೈ ಎತ್ತುತ್ತಿರಲಿಲ್ಲ.

ನನ್ನ ಅಪ್ಪ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಊರಿನವರಿಗೆಲ್ಲ ಗೊತ್ತು, ಅವರು ಇಪ್ಪತ್ತೆರಡು ವರ್ಷ ಅಕ್ಕಿ ಮಿಲ್ಲಿನ ಡೀಸೆಲ್ ಎಂಜಿನ್ ನೋಡಿಕೊಂಡವರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ರಜೆಯಲ್ಲಿ ಬೆಳಿಗ್ಗೆಯೂ ಹೋಗುತ್ತಿದ್ದೆ. ಎಂಜಿನ್ ತಿರುಗಿಸುವ ಮೊದಲು ಅಪ್ಪ ಅದರ ಪಕ್ಕದಿಂದ ಒಂದು ಉದ್ದದ ಕಡ್ಡಿ ಎಳೆಯುತ್ತಿದ್ದರು. ಹಳೆ ಬೈರಾಸಿನ ತುಂಡಿನಲ್ಲಿ ಒರೆಸಿ, ಮತ್ತೆ ಒಳಗೆ ಇಳಿಸಿ, ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ದಿನಾ. ಹಿಂದಿನ ದಿನ ಸಂಜೆ ಎಣ್ಣೆ ಹೊಯ್ದಿದ್ದರೂ ಮರುದಿನ ನೋಡುತ್ತಿದ್ದರು. ನನಗೆ ಅದು ದೇವರ ದೀಪ ಹಚ್ಚುವ ಹಾಗೆ ಒಂದು ಸಂಪ್ರದಾಯ ಅನ್ನಿಸುತ್ತಿತ್ತು.

ಆಮೇಲೆ ನಾನು ಬಿ.ಇ. ಮಾಡಿದೆ. ಮಾಡಿದ್ದು ಮೆಕ್ಯಾನಿಕಲ್. ಕೆಲಸ ಸಿಕ್ಕಿದ್ದು ಸಾಫ್ಟ್‌ವೇರಿನಲ್ಲಿ. ನಮ್ಮ ರಾಜ್ಯದಲ್ಲಿ ಇದು ಹೊಸ ಕಥೆಯಲ್ಲ, ನನ್ನ ತರಗತಿಯ ಅರ್ಧ ಜನರದ್ದೂ ಇದೇ. ಆದರೆ ಮೂರನೇ ವರ್ಷದಲ್ಲಿ ಬೇರಿಂಗಿನ ಲೆಕ್ಕಗಳನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ. ಶಾಫ್ಟಿನ ವ್ಯಾಸ ಇಷ್ಟು, ವೇಗ ಇಷ್ಟು, ಎಣ್ಣೆಯ ಸ್ನಿಗ್ಧತೆ ಇಷ್ಟು, ಎಣ್ಣೆಯ ಪದರ ಎಷ್ಟು ದಪ್ಪ ಇರುತ್ತದೆ ಕಂಡುಹಿಡಿಯಿರಿ. ಹ್ಯಾಂಡ್‌ಬುಕ್ ತೆರೆದು ಉತ್ತರ ಬರೆದು ಅಂಕ ತೆಗೆದುಕೊಂಡೆ. ಆ ಪದರ ಎಲ್ಲಿರುತ್ತದೆ, ಅದು ಹೋದರೆ ಏನಾಗುತ್ತದೆ ಅಂತ ಯೋಚಿಸಲೇ ಇಲ್ಲ.

2018ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡೆ. ನಮ್ಮ ಮನೆಯ ಮೊದಲ ಕಾರು. ಆ ವರ್ಷ ಡಿಸೆಂಬರ್‌ನಲ್ಲಿ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಶನ್ ಬೆಂಗಳೂರಿನಲ್ಲಿ ಮಾಡಿಸುವುದೆಂದು ಗೊತ್ತಾಗಿತ್ತು. ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಸಂಜೆ ನಾಲ್ಕಕ್ಕೆ ಇಲ್ಲಿಂದ ಹೊರಟೆ. ಹತ್ತು ಸಾವಿರ ಕಿಲೋಮೀಟರಿಗೆ ಆಗಬೇಕಿದ್ದ ಸರ್ವಿಸು ಹದಿನೇಳು ಸಾವಿರ ಆದರೂ ಆಗಿರಲಿಲ್ಲ. ಆಫೀಸಿನ ಕೆಲಸ, ಶನಿವಾರ ಪುರುಸೊತ್ತಿಲ್ಲ, ಹೀಗೆ ನೆಪಗಳು.

ಚಾರ್ಮಾಡಿ ಘಾಟಿಯ ತಿರುವುಗಳ ಬಗ್ಗೆ ನಿಮಗೆ ಹೇಳುವುದೇನೂ ಇಲ್ಲ. ಎರಡನೆಯದೋ ಮೂರನೆಯದೋ ತಿರುವಿನಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಮಿಣುಕಿತು. ಹಳೆ ಕಾಲದ ಎಣ್ಣೆ ಗಿಂಡಿಯ ಚಿತ್ರ, ಅದರ ತುದಿಯಿಂದ ಒಂದು ಹನಿ ಬೀಳುವ ಹಾಗೆ. ತಿರುವು ಮುಗಿದ ಕೂಡಲೇ ಆರಿತು. ವೈರು ಲೂಸ್ ಇರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಮತ್ತೆ ಹತ್ತಿತು, ಮತ್ತೆ ಆರಿತು. ಕೊಟ್ಟಿಗೆಹಾರ ತಲುಪಿದರೆ ನೀರುದೋಸೆ ತಿನ್ನುತ್ತಾ ನೋಡೋಣ ಅಂತ ಮನಸ್ಸಿನಲ್ಲೇ ತೀರ್ಮಾನಿಸಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಆಗ ಆಫೀಸಿನಲ್ಲಿ ನನ್ನ ಕೆಲಸವೇ ಎಚ್ಚರಿಕೆಗಳನ್ನು ನೋಡುವುದು. ಯಾವುದೋ ದೇಶದಲ್ಲಿರುವ ಸರ್ವರಿನಲ್ಲಿ ಏನೋ ಹೆಚ್ಚುಕಮ್ಮಿಯಾದರೆ ರಾತ್ರಿ ಮೂರು ಗಂಟೆಗೆ ನನ್ನ ಮೊಬೈಲು ಕೂಗುತ್ತದೆ, ಐದು ನಿಮಿಷದೊಳಗೆ ನಾನು ಎದ್ದು ಉತ್ತರ ಕೊಡಬೇಕು. ಕೊಡುತ್ತಿದ್ದೆ ಕೂಡ. ಯಾರದೋ ಯಂತ್ರದ ಕೆಂಪು ದೀಪಕ್ಕೆ ನಿದ್ದೆಗೆಟ್ಟವನು ನನ್ನ ಕಣ್ಣೆದುರಿನ ಕೆಂಪು ದೀಪಕ್ಕೆ ನೀರುದೋಸೆಯ ನೆಪ ಹೇಳಿದೆ.

ಆ ದೀಪದ ಬಗ್ಗೆ ಹೆಚ್ಚಿನವರಿಗೆ ಇರುವ ತಪ್ಪು ತಿಳಿವಳಿಕೆಯೇ ನನಗೂ ಇತ್ತು. ಅದು ಪೆಟ್ರೋಲ್ ಮುಳ್ಳಿನ ಹಾಗೆ, ಆಯಿಲ್ ಕಡಿಮೆಯಾಗುತ್ತಿದೆ, ಸದ್ಯದಲ್ಲೇ ಹಾಕಿಸು ಅಂತ ಹೇಳುವ ದೀಪ ಅಂದುಕೊಂಡಿದ್ದೆ. ಹಾಗಲ್ಲ. ಹೆಚ್ಚಿನ ಕಾರುಗಳಲ್ಲಿ ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಅಳೆಯುವುದೇ ಇಲ್ಲ. ಅದು ಅಳೆಯುವುದು ಒತ್ತಡವನ್ನು. ಎಂಜಿನ್ನಿನ ಅಡಿಯಲ್ಲಿ ಒಂದು ತಟ್ಟೆ ಇದೆ, ಸಂಪ್ ಅನ್ನುತ್ತಾರೆ. ಆಯಿಲ್ ಅಲ್ಲಿ ನಿಲ್ಲುತ್ತದೆ. ಪಂಪು ಒಂದು ಕೊಳವೆಯಿಂದ ಅದನ್ನು ಹೀರಿ ಮೇಲಕ್ಕೆ ದೂಡುತ್ತದೆ. ತಟ್ಟೆಯಲ್ಲಿ ಅರ್ಧ ಆಯಿಲ್ ಇದ್ದರೂ ಸಮತಟ್ಟಾದ ರಸ್ತೆಯಲ್ಲಿ ಕೊಳವೆಯ ಬಾಯಿ ಮುಳುಗಿರುತ್ತದೆ, ಒತ್ತಡ ಸರಿ ಇರುತ್ತದೆ, ದೀಪ ಹತ್ತುವುದಿಲ್ಲ. ಏರಿನಲ್ಲಿ, ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಹರಿಯುತ್ತದೆ. ಆಗ ಕೊಳವೆ ಗಾಳಿ ಹೀರುತ್ತದೆ. ಬೇಸಿಗೆಯಲ್ಲಿ ನಮ್ಮ ಬಾವಿಯ ಪಂಪು ಗಾಳಿ ಎಳೆದ ಹಾಗೆ. ವ್ಯತ್ಯಾಸ ಇಷ್ಟೇ, ಬಾವಿ ಪಂಪು ಗಾಳಿ ಎಳೆದರೆ ತೋಟಕ್ಕೆ ಒಂದು ಹೊತ್ತು ನೀರಿಲ್ಲ. ಇಲ್ಲಿ ಹಾಗೆ ಕಾಯಲು ಆಗುವುದಿಲ್ಲ. ಮೂರು ಸಾವಿರ ಆರ್‌ಪಿಎಂ ಅಂದರೆ ಕ್ರ್ಯಾಂಕ್ ಶಾಫ್ಟು ಒಂದು ಸೆಕೆಂಡಿಗೆ ಐವತ್ತು ಸಲ ತಿರುಗುತ್ತಿದೆ. ಟರ್ಬೋ ಇರುವ ಕಾರಾದರೆ ಅದರ ಶಾಫ್ಟು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ತಿರುಗುತ್ತದೆ. ಅದಕ್ಕೂ ಇದೇ ಆಯಿಲ್.

ಆಯಿಲ್ ಬರೀ ಜಾರಿಸುತ್ತದೆ ಅಂತ ನಾವು ತಿಳಿದಿದ್ದೇವೆ, ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಅನ್ನುವ ಎಂಜಿನಿಯರ್ ರೈಲು ಗಾಲಿಯ ಬೇರಿಂಗುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. 1883ರಲ್ಲಿ ಅದರ ವರದಿ ಬಂತು. ಮೇಲಿನಿಂದ ಎಣ್ಣೆ ಬಿಡೋಣ ಅಂತ ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದರು. ಯಂತ್ರ ತಿರುಗಿಸಿದರೆ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲಕ್ಕೆ ಬಂತು. ಕಿರಿಕಿರಿಯಾಗಿ ಮರದ ಬಿರಡೆ ಬಡಿದರು. ಎಣ್ಣೆ ಬಿರಡೆಯನ್ನೇ ಹೊರಗೆ ದೂಡಿತು. ಕೊನೆಗೆ ಚದರ ಅಂಗುಲಕ್ಕೆ 200 ಪೌಂಡಿನವರೆಗೆ ಅಳೆಯುವ ಗೇಜು ಹಾಕಿದರೆ ಮುಳ್ಳು ಅದನ್ನೂ ದಾಟಿತು. ಅಂದರೆ ತಿರುಗುವ ಶಾಫ್ಟು ಎಣ್ಣೆಯನ್ನು ತಾನೇ ಸಂದಿಗೆ ಎಳೆದುಕೊಂಡು, ಅದರ ಮೇಲೆ ತೇಲುತ್ತದೆ. ಲೋಹಕ್ಕೆ ಲೋಹ ಮುಟ್ಟುವುದೇ ಇಲ್ಲ. ಮೂರು ವರ್ಷದ ಮೇಲೆ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದರು. ಪರೀಕ್ಷೆಯಲ್ಲಿ ನಾನು ಅಂಕ ತೆಗೆದದ್ದು ಆ ಗಣಿತದಲ್ಲಿ. ವಿಜ್ಞಾನದ ಮೇಷ್ಟರು ಬಿರಡೆಯ ಕಥೆಯನ್ನು ಮಕ್ಕಳಿಗೆ ಇನ್ನೊಮ್ಮೆ ಹೇಳಬೇಕು ಅಂತ ನನ್ನ ಕೋರಿಕೆ. ನನಗೆ ಯಾರೂ ಹೇಳಿರಲಿಲ್ಲ.

ಕಾರಿನ ಬೇರಿಂಗಿನಲ್ಲಿ ಆ ಸಂದು ತಲೆಗೂದಲಿಗಿಂತ ಸಪೂರ. ಅದರಲ್ಲಿ ಎಣ್ಣೆ ಇರುವ ತನಕ ಎಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಎಣ್ಣೆ ಇಲ್ಲದ ಕ್ಷಣ ಎರಡು ಲೋಹಗಳು ಉಜ್ಜಿ, ಬಿಸಿಯಾಗಿ, ಒಂದಕ್ಕೊಂದು ಅಂಟಲು ಶುರುಮಾಡುತ್ತವೆ. ದೀಪ ಹತ್ತಿದ ಮೇಲೆ ನಮಗೆ ಇರುವುದು ಕಿಲೋಮೀಟರುಗಳಲ್ಲ.

ಆ ಸಂಜೆ ಇನ್ನೂ ನಾಲ್ಕು ತಿರುವು ಹತ್ತಿಸಿದೆ. ದೀಪ ಆರುವುದನ್ನು ನಿಲ್ಲಿಸಿತು. ಎಂಜಿನ್ನಿನೊಳಗಿಂದ ಟಕಟಕ ಸದ್ದು ಬಂತು, ಮೊದಲು ಮೆಲ್ಲಗೆ, ಆಮೇಲೆ ಸುತ್ತಿಗೆಯಲ್ಲಿ ಬಡಿದ ಹಾಗೆ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಪ್ಪ ಎಚ್ಚರಾದರು. ದೀಪ ನೋಡಿ ಅಲ್ಲ, ಪೊರೆ ಬಂದ ಕಣ್ಣಿಗೆ ಅದು ಕಾಣುತ್ತಲೂ ಇರಲಿಲ್ಲ. ಸದ್ದು ಕೇಳಿ. "ನಿಲ್ಲಿಸು" ಅಂದರು. ನಿಲ್ಲಿಸುವ ಮೊದಲೇ ಅದೇ ನಿಂತಿತು. ಏರಿನ ನಡುವೆ, ತಿರುವಿಗೆ ಸ್ವಲ್ಪ ಕೆಳಗೆ.

ಕ್ಲಚ್ಚು ಒತ್ತಿದೆ, ಕಾರು ಹಿಂದಕ್ಕೆ ಜಾರತೊಡಗಿತು. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ನಿಲ್ಲುತ್ತದೆ. ಉಳಿದ ನಿರ್ವಾತದಲ್ಲಿ ಎರಡು ಮೂರು ಸಲ ಒತ್ತಬಹುದು, ಆಮೇಲೆ ಪೆಡಲು ಕಲ್ಲಿನ ಹಾಗೆ. ಸ್ಟಿಯರಿಂಗೂ ಭಾರವಾಯಿತು. ಎಡಕ್ಕೆ ತಡೆಗೋಡೆ, ಅದರಾಚೆ ಕಣಿವೆ. ಹಿಂದೆ ಒಂದು ಬಸ್ಸು ಹಾರ್ನು ಹಾಕುತ್ತಾ ಬರುತ್ತಿತ್ತು. ಹ್ಯಾಂಡ್‌ಬ್ರೇಕು ಎಳೆದು ಹಿಡಿದೆ. ಅರುವತ್ತೆರಡು ವರ್ಷದ ಅಪ್ಪ ಬಾಗಿಲು ತೆಗೆದು ಇಳಿದು, ಸರಿಯಾಗಿ ಕಾಣದ ಕಣ್ಣಿನಲ್ಲಿ ರಸ್ತೆ ಬದಿ ತಡಕಾಡಿ, ಒಂದು ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟರು. ಬಸ್ಸಿನವರು ಪುಣ್ಯಾತ್ಮರು, ನಿಲ್ಲಿಸಿ ನಾಲ್ಕು ಜನ ಇಳಿದು ಕಾರನ್ನು ಬದಿಗೆ ಸೇರಿಸಿದರು. ಅಮ್ಮ ಒಂದು ಮಾತೂ ಆಡಲಿಲ್ಲ, ಬ್ಯಾಗು ಅಪ್ಪಿಕೊಂಡು ನಿಂತಿದ್ದರು.

ಅಪ್ಪ ಬೈಯಲಿಲ್ಲ. ಕೈಯ ಮಣ್ಣು ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ, "ಕಡ್ಡಿ ನೋಡಿದ್ದೆಯಾ?"

ಕಡ್ಡಿ ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಅಪ್ಪನೇ ಹುಡುಕಿ ಎಳೆದರು. ತುದಿ ಒಣಗಿತ್ತು.

ಮೂರು ಲೀಟರ್ ಇರಬೇಕಾದ ಎಂಜಿನ್ನಿನಿಂದ ಗ್ಯಾರೇಜಿನಲ್ಲಿ ಇಳಿದದ್ದು ಒಂದು ಲೀಟರಿಗಿಂತಲೂ ಕಡಿಮೆ, ಡಾಂಬರಿನಂಥ ದ್ರವ. ಎಲ್ಲಿಗೆ ಹೋಯಿತು? ಸ್ವಲ್ಪ ಸಿಲಿಂಡರಿನಲ್ಲಿ ಉರಿದು ಹೋಗಿತ್ತು, ಹಳೆಯ ಎಂಜಿನ್ ಸ್ವಲ್ಪ ಕುಡಿಯುತ್ತದೆ. ಸ್ವಲ್ಪ ಅಡಿಯ ಬೋಲ್ಟಿನಿಂದ ಜಿನುಗಿತ್ತು. ನನ್ನ ಪಾರ್ಕಿಂಗ್ ಜಾಗದಲ್ಲಿ ಕಪ್ಪು ಕಲೆ ಇತ್ತು, ಪಕ್ಕದವರ ಬೈಕಿನದ್ದು ಅಂದುಕೊಂಡಿದ್ದೆ. ಆಯಿಲ್ ಕಡಿಮೆಯಾದಷ್ಟೂ ಉಳಿದದ್ದು ಹೆಚ್ಚು ಸಲ ಸುತ್ತಬೇಕು, ಹೆಚ್ಚು ಬಿಸಿಯಾಗಬೇಕು, ಬೇಗ ಹಾಳಾಗಬೇಕು. ಮೂರು ಜನರ ಕೆಲಸ ಒಬ್ಬನಿಗೆ ಕೊಟ್ಟ ಹಾಗೆ. ರಿಪೇರಿಗೆ ಎಂಬತ್ತೈದು ಸಾವಿರ ಆಯಿತು. ಕಾರಿನ ಸಾಲದ ಕಂತೂ ಜೊತೆಗೇ ನಡೆಯುತ್ತಿತ್ತು. ಅಪ್ಪನ ಆಪರೇಶನ್ ಎರಡು ತಿಂಗಳು ಮುಂದೆ ಹೋಯಿತು. ಆ ಎರಡು ತಿಂಗಳು ಅವರು ಗೋಡೆ ಹಿಡಿದು ನಡೆದದ್ದನ್ನು ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು.

ಈಗ ಸಮಯ ಕಡಿಮೆ, ಬೇಗ ಹೇಳುತ್ತೇನೆ. ಕಾರು ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಡಿ, ಮೇಲೆ ಹೋದ ಆಯಿಲ್ ಕೆಳಗಿಳಿಯಲಿ. ಕಡ್ಡಿ ಎಳೆದು, ಒರೆಸಿ, ಪೂರ್ತಿ ಇಳಿಸಿ, ಮತ್ತೆ ಎಳೆಯಿರಿ. ಎರಡು ಗುರುತಿನ ನಡುವೆ ಇರಬೇಕು. ಬಹಳ ಕಾರುಗಳಲ್ಲಿ ಆ ಎರಡು ಗುರುತಿನ ಅಂತರ ಸುಮಾರು ಒಂದು ಲೀಟರ್. ಮೇಲಿನ ಗುರುತು ದಾಟಿಸಬೇಡಿ, ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ, ನೊರೆಯ ಮೇಲೆ ಶಾಫ್ಟು ತೇಲುವುದಿಲ್ಲ. ಡೀಸೆಲ್ ಗಾಡಿಯ ಆಯಿಲ್ ಕಪ್ಪಾಗಿರುವುದು ಸಹಜ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ, ಗಾಡಿ ತೆಗೆಯಲೇಬೇಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಕೆಂಪು ದೀಪ ಹತ್ತಿದರೆ ಮೊದಲು ಸಿಗುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಮುಂದಿನ ಪೇಟೆಯವರೆಗೆ ಅಂತ ಹೋಗಬೇಡಿ. ಕಡ್ಡಿಯಲ್ಲಿ ಕಡಿಮೆ ಇದ್ದರೆ ಅದೇ ದರ್ಜೆಯ ಆಯಿಲ್ ಹಾಕಿ ನೋಡಿ. ಮಟ್ಟ ಸರಿ ಇದ್ದೂ ದೀಪ ಆರದಿದ್ದರೆ ಪಂಪೋ ಇನ್ನೇನೋ ಕೆಟ್ಟಿರಬಹುದು, ಟೋಯಿಂಗ್ ಗಾಡಿಗೆ ಫೋನು ಮಾಡಿ. ಎಳೆದುಕೊಂಡು ಹೋಗಲು ಕೊಡುವ ದುಡ್ಡು ಎಂಜಿನ್ ಬಿಚ್ಚುವ ದುಡ್ಡಿಗಿಂತ ಬಹಳ ಕಡಿಮೆ, ಇದನ್ನು ನಾನು ರಶೀದಿ ತೋರಿಸಿ ಹೇಳಬಲ್ಲೆ.

ಕಾರಿಲ್ಲದವರು ನಗುವುದು ಬೇಡ. ನಿಮ್ಮ ಸ್ಕೂಟರಿನಲ್ಲಿ ಇರುವುದು ಒಂದು ಲೀಟರಿಗಿಂತ ಕಡಿಮೆ ಆಯಿಲ್. ಅದರಲ್ಲಿ ಕಾಲು ಲೀಟರ್ ಹೋದರೂ ದೊಡ್ಡದೇ, ಮತ್ತು ಹೆಚ್ಚಿನವುಗಳಲ್ಲಿ ಹೇಳಲು ದೀಪವೂ ಇಲ್ಲ. ಎಲೆಕ್ಟ್ರಿಕ್ ಕಾರಿನವರಿಗೆ ಮಾತ್ರ ಈ ಭಾಷಣ ವ್ಯರ್ಥ, ಕ್ಷಮಿಸಿ.

ನನ್ನ ಕೈಯಲ್ಲಿರುವ ಈ ಎರಡು ಚೂರುಗಳನ್ನು ನೋಡಿ. ಗೆರಟೆಯ ಚೂರಿನ ಹಾಗೆ ಅರ್ಧ ವೃತ್ತ. ಒಂದು ಹೊಸ ಬೇರಿಂಗ್ ಚಿಪ್ಪು, ನುಣ್ಣಗೆ ಬೂದಿ ಬಣ್ಣ. ಇನ್ನೊಂದು ನನ್ನ ಕಾರಿನದ್ದು. ಮೇಲಿನ ಪದರ ಹರಿದು ಒಳಗಿನ ತಾಮ್ರದ ಬಣ್ಣ ಕಾಣುತ್ತದೆ, ಅಂಚು ಬಿಸಿಗೆ ನೀಲಿಯಾಗಿದೆ. ಗ್ಯಾರೇಜಿನವರು ಕಸಕ್ಕೆ ಹಾಕುವುದರಲ್ಲಿದ್ದರು, ಕೇಳಿ ತಂದೆ. ಆರು ವರ್ಷ ನನ್ನ ಮೇಜಿನ ಮೇಲಿತ್ತು. ಎರಡನ್ನೂ ಇವತ್ತು ಶಾಲೆಯ ಪ್ರಯೋಗಾಲಯಕ್ಕೆ ಕೊಟ್ಟು ಹೋಗುತ್ತೇನೆ. ಮಕ್ಕಳು ಉಗುರಿನಿಂದ ಎರಡನ್ನೂ ಗೀರಿ ನೋಡಲಿ.

ಇವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ನಾನು ಬಾನೆಟ್ ಎತ್ತಿದೆ. ಅಪ್ಪ ಜಗಲಿಯಿಂದ ಇಳಿದು ಬಂದು ಪಕ್ಕದಲ್ಲಿ ನಿಂತರು. ನಾನು ನೋಡಿ ಆದ ಮೇಲೆ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೈರಾಸಿನಲ್ಲಿ ಒರೆಸಿ, ಅವರೂ ಒಮ್ಮೆ ನೋಡಿದರು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ.

ಊಟಕ್ಕೆ ಕರೆಯುತ್ತಿದ್ದಾರೆ.