ಕಣಜದ ಬೆನ್ನಿನ ಬಣ್ಣದ ಚುಕ್ಕೆ



ಬೆಂಗಳೂರಿನ ಯಶವಂತಪುರದ ಪಕ್ಕದಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ದಶಕಗಳಿಂದ ಕಣಜಗಳ ನಡತೆಯನ್ನು ಗಮನಿಸುವ ಒಂದು ವಿಶೇಷವಾದ ಕೆಲಸ ನಡೆದಿದೆ. ಕಿಟಕಿಯಲ್ಲೋ ಸೂರಿನಲ್ಲೋ ಕಾಗದದಂಥ ಗೂಡು ಕಟ್ಟುವ ಕಂದು ಕಣಜವನ್ನು ನೀವೂ ಕಂಡಿರುತ್ತೀರಿ. ಅದರ ಶಾಸ್ತ್ರೀಯ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಈ ಗೂಡಿನಲ್ಲಿ ರಾಣಿಯೂ ಆಳೂ ನೋಡಲು ಒಂದೇ ಥರ. ರೂಪದಿಂದ ಗುರುತು ಸಿಗದಿದ್ದರೆ ನಡತೆಯಿಂದ ಸಿಗಬೇಕಲ್ಲವೇ?

ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಈ ಹುಳುಗಳಿಗೆ ಮನಸೋತ, ಈ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿ ರಾಘವೇಂದ್ರ ಗದಗ್‌ಕರ್ ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟರು. ಯಾವುದು ಸುಮ್ಮನೆ ಕುಳಿತಿದೆ, ಯಾವುದು ರೆಕ್ಕೆ ಎತ್ತಿದೆ, ಯಾವುದು ಗೂಡಿನಲ್ಲೇ ಇಲ್ಲ ಎಂದು ಎಣಿಸಿ ಬರೆದರು. ಆ ಅಂಕಿಗಳ ರಾಶಿಯನ್ನು ಜರಡಿ ಹಿಡಿಯಲು ಅವರೂ ಜೊತೆ ಸಂಶೋಧಕ ಎನ್.ವಿ. ಜೋಶಿಯವರೂ ಬಳಸಿದ ಗಣಿತದ ಬೇರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್‌ನ 1901ರ ಲೇಖನದಲ್ಲಿದೆ. 1983ರಲ್ಲಿ ಫಲ ಪ್ರಕಟವಾಯಿತು. ಕೂರುವವು, ಕಾದಾಡುವವು, ಹೊರಗೆ ದುಡಿಯುವವು ಎಂದು ಮೂರು ಗುಂಪು. ರಾಣಿ ಇದ್ದದ್ದು ಎಲ್ಲಿ ಗೊತ್ತೇ? ಕಾದಾಡುವವರಲ್ಲಲ್ಲ, ಕೂರುವವರಲ್ಲಿ!

ಆದರೆ ಇಂದು ಕೂತ ಕಣಜ ಹತ್ತು ದಿನದ ಮೇಲೆ ಏನು ಮಾಡೀತು? ಇಂಥ ಪ್ರಶ್ನೆಗೆ ಒಂದು ದಿನದ ಎಣಿಕೆ ಸಾಲದು, ಅದೇ ಜೀವಿಯನ್ನು ಮತ್ತೆ ಮತ್ತೆ ಅಳೆಯಬೇಕು. ನಿನ್ನೆಯ ಅಳತೆಗೂ ಇವತ್ತಿನದಕ್ಕೂ ನಂಟಿರುವುದರಿಂದ ಎರಡನ್ನೂ ಬೇರೆಬೇರೆ ಜೀವಿಗಳ ಅಳತೆಯಂತೆ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಈ ತೊಡಕನ್ನು ಬಿಡಿಸಲು ದಾರಿ ತೋರಿದವರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಒಬ್ಬರು. ಬೆಳವಣಿಗೆಯ ರೇಖೆಗಳನ್ನು ಹೋಲಿಸುವ ಬಗೆಯನ್ನು ಅವರು 1958ರಲ್ಲಿ ಬರೆದರು. ಒಂದೊಂದು ಜೀವಿಯ ಇಡೀ ರೇಖೆಯನ್ನೂ ಒಂದೆರಡು ಸಂಖ್ಯೆಗಳಿಗೆ ಇಳಿಸಿ, ಆಮೇಲೆ ಆ ಸಂಖ್ಯೆಗಳನ್ನು ಹೋಲಿಸುವುದು ಅದರ ತಿರುಳು. ಇಂದು ಮಗುವಿನ ಕಲಿಕೆಯನ್ನೋ ನಡತೆಯನ್ನೋ ವರ್ಷಗಟ್ಟಲೆ ಅಳೆಯುವವರು ತುಳಿಯುವ ಹಾದಿಗೆ ಅದೂ ಒಂದು ಮೂಲ. ರಾವ್ ಅವರ ಹೆಸರು ಹಡಗಲಿಯ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತಿರಬೇಕೆಂದು ನನ್ನ ಆಸೆ.

ಮತ್ತೆ ಕಣಜಕ್ಕೆ ಬರೋಣ. ವಯಸ್ಸಾದಂತೆ ಅದರ ಕೆಲಸ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ಸಂಶೋಧಕ ಧ್ರುಬ ನಾಗ್ ಮತ್ತು ಗದಗ್‌ಕರ್ ಕೈಗೆತ್ತಿಕೊಂಡು 1998ರಲ್ಲಿ ಉತ್ತರ ಕೊಟ್ಟರು. ಎಳೆಯ ಕಣಜ ಮೊದಲು ಮರಿಗಳಿಗೆ ಉಣಿಸುತ್ತದೆ, ಬಳಿಕ ಗೂಡು ಕಟ್ಟುತ್ತದೆ, ನಾರು ತರುತ್ತದೆ, ಕೊನೆಗೆ ಬೇಟೆಗೆ ಹೊರಡುತ್ತದೆ. ಆದರೆ ಎಷ್ಟು ದಿನ ಬದುಕಿದೆ ಎಂಬುದಕ್ಕಿಂತ, ಆ ಗೂಡಿನಲ್ಲಿ ಉಳಿದವರಿಗಿಂತ ಹಿರಿಯದೋ ಕಿರಿಯದೋ ಎಂಬುದೇ ಅದರ ಕೆಲಸವನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ.

ನಿಮ್ಮ ಮನೆಯ ಸೂರಿನಲ್ಲಿ ಇಂಥ ಗೂಡು ಕಂಡರೆ ದಯವಿಟ್ಟು ಕೂಡಲೇ ಬೆಂಕಿ ಹಿಡಿಯಬೇಡಿ. ದೂರದಲ್ಲಿ ನಿಂತು, ಒಂದು ವಾರ ದಿನವೂ ಅದೇ ಹೊತ್ತಿಗೆ ನೋಡಿ, ಕಂಡದ್ದನ್ನು ಬರೆದಿಡಿ.