ನುಂಗುವ ತೊಂದರೆ: ಅಲಕ್ಷ್ಯ ಸಲ್ಲದು



ತುತ್ತು ನುಂಗುವುದು ಸರಳ ಕ್ರಿಯೆಯೆಂಬುದು ಸಾಮಾನ್ಯ ಭಾವನೆ. ವಾಸ್ತವದಲ್ಲಿ ಅದು ಮಿದುಳು, ನರಗಳು ಹಾಗೂ ಬಾಯಿ, ಗಂಟಲು, ಅನ್ನನಾಳಗಳ ಅನೇಕ ಸ್ನಾಯುಗಳು ಒಂದುಗೂಡಿ ನಡೆಸುವ ಕಾರ್ಯ. ನಾಲಿಗೆಯು ತುತ್ತನ್ನು ಹಿಂದಕ್ಕೆ ತಳ್ಳಿದೊಡನೆ ಶ್ವಾಸನಾಳದ ದ್ವಾರ ಮುಚ್ಚಿಕೊಳ್ಳುತ್ತದೆ. ಬಳಿಕ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಆಹಾರವನ್ನು ಜಠರಕ್ಕೆ ಸಾಗಿಸುತ್ತದೆ. ಇದರಲ್ಲಿ ಯಾವ ಹಂತ ತಪ್ಪಿದರೂ ನುಂಗುವುದು ಕಷ್ಟವಾಗುತ್ತದೆ.

ಹಿರಿಯರು ರೊಟ್ಟಿಯನ್ನು ಬಿಟ್ಟು ಅನ್ನಕ್ಕೆ, ಅನ್ನವನ್ನು ಬಿಟ್ಟು ಗಂಜಿಗೆ ಇಳಿದಾಗ ಮನೆಯವರು ಅದನ್ನು ಮುಪ್ಪಿನ ಸಹಜ ಧರ್ಮವೆಂದು ಬಗೆಯುವುದುಂಟು. ಈ ಎಣಿಕೆ ಅಪಾಯಕಾರಿ. ಆಹಾರ ಮೆದುವಾದಂತೆ ತೊಂದರೆ ಮರೆಯಾಗುತ್ತದೆ. ರೋಗವು ಮಾತ್ರ ಒಳಗೇ ಬೆಳೆಯುತ್ತಿರಬಹುದು.

ಮೊದಲು ಗಟ್ಟಿ ಆಹಾರ, ಬರಬರುತ್ತ ದ್ರವಾಹಾರವೂ ಇಳಿಯದಂತಾದರೆ ಅನ್ನನಾಳ ಕಿರಿದಾಗುತ್ತಿದೆಯೆಂದು ಶಂಕಿಸಬೇಕು. ಆಮ್ಲದಿಂದಾದ ಗಾಯವೂ ಕ್ಯಾನ್ಸರ್ ರೋಗವೂ ಇದಕ್ಕೆ ಕಾರಣವಾಗಬಲ್ಲವು. ಆರಂಭದಿಂದಲೇ ಅನ್ನವೂ ನೀರೂ ಸಮಾನವಾಗಿ ತಡೆಯುತ್ತಿದ್ದರೆ ಅನ್ನನಾಳದ ಚಲನೆಯಲ್ಲಿ ದೋಷವಿರಬಹುದು. ನುಂಗುವಾಗ ಕೆಮ್ಮು ಬರುವುದು, ನೀರು ಮೂಗಿಗೇರುವುದು, ಊಟದ ನಂತರ ಧ್ವನಿ ಒದ್ದೆಯಾದಂತೆ ಕೇಳಿಸುವುದು ಗಂಟಲಿನ ಸ್ನಾಯುಗಳ ದೌರ್ಬಲ್ಯದ ಲಕ್ಷಣಗಳು. ಪಾರ್ಶ್ವವಾಯು ಮತ್ತು ಪಾರ್ಕಿನ್ಸನ್ ರೋಗಗಳಲ್ಲಿ ಇವು ಕಾಣಬರುತ್ತವೆ. ಕೆಲವರಲ್ಲಿ ಕೆಮ್ಮಿಲ್ಲದೆಯೂ ಆಹಾರವು ಶ್ವಾಸಕೋಶವನ್ನು ಸೇರಿ ನ್ಯುಮೋನಿಯ ಉಂಟಾಗುತ್ತದೆ. ಆದಕಾರಣ ಪಾರ್ಶ್ವವಾಯು ತಗುಲಿದವರಿಗೆ, ಆಸ್ಪತ್ರೆಯಲ್ಲಿ ನುಂಗುವ ಶಕ್ತಿಯ ಪರೀಕ್ಷೆಯಾಗುವವರೆಗೆ, ನೀರನ್ನಾಗಲಿ ಮಾತ್ರೆಯನ್ನಾಗಲಿ ಬಾಯಿಗೆ ಹಾಕಬಾರದು.

ತೊಂದರೆ ಮರುಕಳಿಸುತ್ತಿದ್ದರೆ ಕುಟುಂಬದ ವೈದ್ಯರನ್ನು ಕಾಣಬೇಕು. ದಿನೇ ದಿನೇ ಹೆಚ್ಚುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ರಕ್ತ ವಾಂತಿಯಾದರೆ ತಡಮಾಡಲಾಗದು. ಉಗುಳನ್ನೂ ನುಂಗಲಾಗದಿದ್ದರೆ ಅಥವಾ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಕುಟುಂಬದ ವೈದ್ಯರು ಲಕ್ಷಣಗಳಿಗೆ ಅನುಗುಣವಾಗಿ ಕಿವಿ-ಮೂಗು-ಗಂಟಲು, ಜಠರ-ಕರುಳು ಅಥವಾ ನರರೋಗ ತಜ್ಞರ ಬಳಿಗೆ ಕಳುಹಿಸುತ್ತಾರೆ. ಎಂಡೋಸ್ಕೋಪಿ ಮತ್ತು ಬೇರಿಯಂ ಎಕ್ಸ್-ರೇ ಪರೀಕ್ಷೆಗಳಿಂದ ಕಾರಣ ತಿಳಿಯಬಹುದು. ವಾಕ್ ಚಿಕಿತ್ಸಕರು ಮಾತಿನ ದೋಷಗಳಿಗಷ್ಟೇ ಅಲ್ಲ, ನುಂಗುವ ತೊಂದರೆಗೂ ಚಿಕಿತ್ಸೆ ನೀಡುತ್ತಾರೆಂಬುದು ಅನೇಕರಿಗೆ ತಿಳಿದಿಲ್ಲ. ಕುಳಿತುಕೊಳ್ಳುವ ಭಂಗಿ, ತುತ್ತಿನ ಗಾತ್ರ, ಆಹಾರದ ಹದ ಹಾಗೂ ಸ್ನಾಯುಗಳ ವ್ಯಾಯಾಮವನ್ನು ಅವರು ಕಲಿಸುತ್ತಾರೆ. ಇಂತಹ ಚಿಕಿತ್ಸಕರಿಗೆ ಶಿಕ್ಷಣ ನೀಡುವ ಸಂಸ್ಥೆಗಳಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ ಸೇರಿವೆ.

ಪರಭಾಷಾ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಊರಿನಿಂದ ಬಂದ ವೃದ್ಧ ತಂದೆತಾಯಿಗಳಿಗೆ ಅಲ್ಲಿನ ವೈದ್ಯರ ಭಾಷೆ ಬಾರದಿರಬಹುದು. ತೊಂದರೆ ಎಂದು ಆರಂಭವಾಯಿತು, ಯಾವ ಆಹಾರ ಇಳಿಯದು, ಎಲ್ಲಿ ಸಿಕ್ಕಿಕೊಂಡಂತಾಗುತ್ತದೆ, ತೂಕ ಎಷ್ಟು ಇಳಿದಿದೆ, ಯಾವ ಔಷಧಿಗಳನ್ನು ಸೇವಿಸುತ್ತಿದ್ದಾರೆ ಎಂಬುದನ್ನು ಅವರಿಂದಲೇ ಕೇಳಿ ಬರೆದೊಯ್ಯುವುದು ಉಚಿತ. ಅರ್ಧ ರೋಗನಿದಾನ ಆ ವಿವರಗಳಲ್ಲೇ ಅಡಗಿರುತ್ತದೆ. “ಹಸಿವಿಲ್ಲ” ಎಂದು ತಟ್ಟೆಯನ್ನು ಸರಿಸುವ ಹಿರಿಯರು ನುಂಗಲಾರದ ಸಂಕಟವನ್ನು ಮುಚ್ಚಿಡುತ್ತಿರಬಹುದು. ಅದನ್ನು ವಿಚಾರಿಸುವ ಹೊಣೆ ಮನೆಯವರದು.